ಸ್ಕ್ಯಾನ್ ಕೋಣೆಯ ಚೆಂಡುಹೂ

ಬೆನ್ನ ಕೆಳಗೆ ರೆಕ್ಸಿನ್ ತಣ್ಣಗಿದೆ, ಈ ಸ್ಕ್ಯಾನ್ ಮೇಜಿನ ಮೇಲೆ ರೋಗಿಗಳು ಮಲಗಬೇಕು, ಮಲಗಿರುವವಳು ನಾನು, ಈ ಆಸ್ಪತ್ರೆಯ ಷೇರುದಾರಳು — ಹೊರಗಿನ ಬೆಂಚಿನಲ್ಲಿ ಕಣ್ಣು ಕತ್ತಲಿಟ್ಟಾಗ ನರ್ಸು ಸೀತಾಮಹಾಲಕ್ಷ್ಮಿ ತೋಳು ಹಿಡಿದಳು, ಒಳಗೆ ಬನ್ನಿ ಅಮ್ಮಗಾರೂ, ಇಲ್ಲಿಗ್ಯಾರೂ ಬರಲ್ಲ, ತನ್ನದೇ ಟವೆಲ್ ಮಡಿಚಿ ನನ್ನ ತಲೆಯಡಿಗಿಟ್ಟಳು, ಎಷ್ಟು ಮೆತ್ತನೆಯ ಕೈ, ಆದರೆ ಯಾಕೆ ಯಾರೂ ಬರಲ್ಲ? ಅರ್ಧ ಆದಾಯ ಸ್ಕ್ಯಾನಿನದೇ ಎಂದು ವಾರ್ಷಿಕ ವರದಿಯಲ್ಲಿತ್ತಲ್ಲ, ವಿಶಾಖಪಟ್ಟಣದಿಂದ ಈ ಬೆಜವಾಡಕ್ಕೆ ಬರುವಾಗ ರೈಲಿನಲ್ಲಿ ಕನ್ನಡಕ ಒರೆಸಿ ಒರೆಸಿ ಓದಿದ್ದೆ — ಊರೆಲ್ಲ ಷೇರಿನ ಹುಚ್ಚಿಗೆ ಬಿದ್ದ ತೊಂಬತ್ತೆರಡರಲ್ಲಿ ನಮ್ಮ ಯಜಮಾನರು ಒಂದಕ್ಕೆ ನಲವತ್ತು ರೂಪಾಯಿಯಂತೆ ಕೊಂಡರು, ಈಗ ಇವರಿಲ್ಲ, ಷೇರು ಹನ್ನೆರಡಕ್ಕಿಳಿದಿದೆ, ಹಳೆಯ ಷೇರುದಾರರಿಗೆ ಹತ್ತು ರೂಪಾಯಿಯಂತೆ ಹೊಸ ಷೇರು ಕೊಡುತ್ತಾರಂತೆ, ಅರ್ಜಿಗೆ ಇವತ್ತೇ ಕೊನೆ, ತಮ್ಮ ಚಂದ್ರಮೌಳಿ ಅರ್ಜಿ ಹಿಡಿದು ಹೊರಗೆ ಶತಪಥ ಹಾಕುತ್ತಿದ್ದಾನೆ, ಆಸ್ಪತ್ರೆ ಮುಳುಗಿದ್ದು ಎಲ್ಲಾದ್ರೂ ಕೇಳಿದೀಯೇನಕ್ಕಾ, ಬೆಜವಾಡದ ಬಿಸಿಲಿರೋ ತನಕ ರೋಗಕ್ಕೇನು ಬರ, ಎಂ.ಎ. ಓದಿ ಇನ್ನೂ ಪೋಸ್ಟಾಫೀಸು ಪೋಸ್ಟಾಫೀಸು ಅಂತೀಯಲ್ಲ — ಚೀಲದಲ್ಲಿರುವ ಚೆಕ್ಕು ಉಕ್ಕಿನ ಕಾರ್ಖಾನೆ ಕೊಟ್ಟ ಇವರ ಪ್ರಾವಿಡೆಂಟ್ ಫಂಡು ಕಣೋ, ಅದರ ಬಡ್ಡಿಯೇ ನನ್ನ ಬಾಡಿಗೆ, ಅಕ್ಕಿ, ಮಾತ್ರೆ, ಅದೂ ಹೋದರೆ ನಿನ್ನ ನಡುಮನೆಯ ದಿವಾನ್ ಮಂಚವೇ ನನಗೆ ಗತಿ — ತಲೆಯ ಮೇಲೆ ಯಂತ್ರದ ದೊಡ್ಡ ಬಳೆ, ಕುಂಕುಮದ ಬೊಟ್ಟು, ಚೆಂಡುಹೂವಿನ ಹಾರ, ಕಂದಿ ಕಾಫಿಪುಡಿಯ ಬಣ್ಣ, ಆಯುಧಪೂಜೆಯದು, ಈಗ ಸಂಕ್ರಾಂತಿ ಕಳೆಯಿತು, ಇವರ ಕಾರ್ಖಾನೆಯಲ್ಲಿ ಮರುದಿನ ಹಾರ ತೆಗೆದೇ ಯಂತ್ರಕ್ಕೆ ಕೈ ಹಾಕುತ್ತಿದ್ದರು — ಕಾಲ ಬಳಿ ಸಾಲಾಗಿ ನರ್ಸುಗಳ ಊಟದ ಡಬ್ಬಿಗಳು, ಅವಳು ತನ್ನ ಡಬ್ಬಿಯ ಮಜ್ಜಿಗೆ ಬಗ್ಗಿಸಿ ಕೊಡುತ್ತಾಳೆ, ಉಪ್ಪು ಸಾಕಾ ಅಮ್ಮಾ, ಸಾಕು ತಾಯಿ, ಈ ಹಾರ ಹೋದ ದಸರೆಯದಾ? ನನ್ನ ಹರಕು ತೆಲುಗಿನಲ್ಲೇ ಕೇಳುತ್ತೇನೆ, ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾಳೆ, ಅಲ್ಲಂಡಿ, ಅದರ ಹಿಂದಿನದು, ಪೂಜೆ ಮಾಡಿದ ವಾರವೇ ಮಿಷನ್ ಕೆಟ್ಟಿತು, ಓಡುವ ದಿನವೇ ಹಾರ ತೆಗೆಯೋಣ ಅಂದರು ಡಾಕ್ಟರುಗಾರು, ನಮಗೂ ಹೋದ ದಸರೆಯಿಂದ ಸಂಬಳವಿಲ್ಲ, ಹೊಸ ಷೇರಿನ ದುಡ್ಡು ಬಂದರೆ ಮೊದಲು ನಮಗೇ ಅಂತೆ, ಬರುತ್ತೆ ಬಿಡಿ, ನೀವು ನಿಧಾನವಾಗಿ ಕುಡಿಯಿರಿ — ಲೋಟ ಅವಳಿಗೇ ಮರಳಿಸುತ್ತೇನೆ, ಆ ದುಡ್ಡು ಕೊಡಬೇಕಾದವಳು ನಾನೇ ಎಂದು ಇವಳಿಗೆ ಗೊತ್ತಿಲ್ಲ, ಚೆಕ್ಕಿನ ಚೀಲ ನನ್ನ ಹೊಟ್ಟೆಯ ಮೇಲಿದೆ, ಅರ್ಧ ಆದಾಯವಂತೆ, ಎರಡು ದಸರೆ ಕಂಡ ಹಾರ — ಬಾಗಿಲು ಬಡಿಯುತ್ತಿದೆ, ಅಕ್ಕಾ, ಬ್ಯಾಂಕು ಮುಚ್ಚುತ್ತೆ, ಚೆಕ್ಕು ಕೊಟ್ಟು ಆಮೇಲೆ ಮಲಕ್ಕೋ — ಎದ್ದು ಕೂರುತ್ತೇನೆ, ಬೇಡ ಕಣೋ ಚಂದ್ರು, ಕೊಡಲ್ಲ, ಎಂದೆ, ಜೋರಾಗಿಯೇ ಎಂದೆ, ಕನ್ನಡ ತಿಳಿಯದ ಈ ನರ್ಸು ಹುಡುಗಿ ನೆಲದಲ್ಲಿ ಕೂತು ನನ್ನ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದಾಳೆ, ತಲೆಯೆತ್ತಿ ನಗುತ್ತಾಳೆ, ಮೇಲಿನ ಹಾರದಿಂದ ಅವಳ ಮುಡಿಯ ಮೇಲೆ ಒಂದು ಎಸಳು ಉದುರಿದೆ, ಕಂದಿದ ಚೆಂಡುಹೂ, ಅದನ್ನು ತೆಗೆಯಲು ಕೈ ಚಾಚುತ್ತೇನೆ, ಇನ್ನೊಂದು ಉದುರುತ್ತದೆ, ಚೆಂಡುಹೂ, ಇನ್ನೊಂದು —