ನಮ್ಮ ಮನಿಯವರ ಬೆವರು ನಿಂತ ದಿನ

ನಾ ಹಣಮವ್ವ, ಅಫಜಲಪುರ ತಾಲೂಕಿನ ಅತನೂರದಾಕಿ. ಮೊದಲ ನನ್ನ ತಪ್ಪು ಒಪ್ಕೊಂಡಬಿಡ್ತೇನಿ. ನಮ್ಮೂರ ಆಶಾ ಕಾರ್ಯಕರ್ತೆ ಶಿವಕಾಂತಾ ಮ್ಯಾಲ ನಂಗ ಹೊಟ್ಟಿಕಿಚ್ಚು. ಇಬ್ಬರ ಮನಿಗೂ ನಡುವ ಒಂದೇ ಗ್ವಾಡಿ. ಇಬ್ಬರೂ ಹತ್ತನೇ ಕ್ಲಾಸ್ ಪಾಸ್. ಆ ಕೆಲಸಕ್ಕ ಇಬ್ಬರೂ ಅರ್ಜಿ ಹಾಕಿದ್ವಿ, ಆಕಿಗಿ ಸಿಕ್ತು. ಮಂದಿ ಆಕಿಗಿ ಬರ್ರಿ, ಕೂಡ್ರಿ ಅನ್ನೂದು ಕೇಳಿದ್ರ ನನ್ನ ಮೈಯೆಲ್ಲಾ ಉರೀತಿತ್ತು.

ಈ ಬ್ಯಾಸಗ್ಯಾಗ ನಮ್ಮ ಕೂಲಿಕಾರರ ಸಂಘದ ಮೀಟಿಂಗಿಗಿ ಆಕಿ ಬಂದಳು. ಬಿಸಲಾಗ ದುಡ್ಯಾವರು ನೀರಡಿಕಿ ಆಗೂತನಕ ಕಾಯಬ್ಯಾಡ್ರಿ, ಪದೇ ಪದೇ ನೀರು ಕುಡೀರಿ, ಓಆರ್‌ಎಸ್ ಪುಡಿ ನೀರಾಗ ಕಲಸಿಕೊಂಡು ಒಯ್ರಿ ಅಂತ ಹೇಳಿ ಎಲ್ಲರಿಗೂ ಎರಡೆರಡು ಪಾಕೀಟ ಕೊಟ್ಟಳು. ನೀರು ಕುಡಿಯೂದಕ್ಕೂ ಈಕಿ ಕಲಿಸಬೇಕೇನು, ನಮ್ಮ ಮುತ್ಯಾ ಪುಡಿ ಕುಡದು ಹೊಲ ಮಾಡಿದ್ನೇನು ಅಂತ ಬಾಜೂಕ ಕೂತ ಸಾಬವ್ವನ ಕಿವ್ಯಾಗ ಅಂದೆ.

ಮರುದಿನ ನಾವು ಗಂಡ ಹೆಣತಿ ಇಬ್ಬರೂ ಉದ್ಯೋಗ ಖಾತ್ರಿ ಕೆಲಸಕ್ಕ ಹಳ್ಳದ ಹೂಳ ತೆಗ್ಯಾಕ ಹೊಂಟಿದ್ವಿ. ನಮ್ಮ ಮನಿಯವರು, ಮಾಳಿಂಗಪ್ಪ, ಬಾಟ್ಲಿಗಿ ಪುಡಿ ಹಾಕಾಕತ್ತಿದ್ರು. ಯಾಕ ಅಂದೆ. "ಶಿವಕಾಂತಾ ಹೇಳ್ಯಾಳಲ್ಲ" ಅಂದ್ರು. ಅಷ್ಟೇ ಸಾಕಾತು ನಂಗ. ಕಟ್ಟಿಕೊಂಡ ಹೆಣತಿ ಮಾತು ಎಂದಾದ್ರೂ ಹಿಂಗ ಕೇಳೀರೇನು ಅಂತ ಪಾಕೀಟ ಕಸಗೊಂಡೆ. ಎರಡು ಕಪ್ ಖಡಕ್ ಚಾ ಕುಡಿಸಿ ಕರಕೊಂಡು ಹೋದೆ. ಮನಷಾ ಸಂಭಾವಿತ, ನಕ್ಕು ಬರೇ ನೀರಿನ ಬಾಟ್ಲಿ ಹಿಡಕೊಂಡು ಬಂದ್ರು.

ಹನ್ನೊಂದಕ್ಕ ಬಿಸಲು ನೆತ್ತಿ ಸುಡಾಕತ್ತು. ಬಾಟ್ಲಿ ಖಾಲಿ. ಅಲ್ಲೇ ಜಾಲಿ ಗಿಡದ ಬುಡಕ ಶಿವಕಾಂತಾ ಓಆರ್‌ಎಸ್ ಕಲಸಿದ ಕೊಡ ಇಟ್ಕೊಂಡು ಕೂತಿದ್ದಳು. ಇವರು ಅತ್ತ ನಾಕು ಹೆಜ್ಜಿ ಇಟ್ಟು ನನ್ನ ಕಡಿ ನೋಡಿದ್ರು. ನಾ ಕಣ್ಣು ಕೆಂಪಗ ಮಾಡಿದೆ. ತಿರುಗಿ ಬಂದು ಸಲಿಕಿ ಹಿಡದ್ರು.

ಜರಾ ಹೊತ್ತಿಗಿ ತಲಿ ನೋಯ್ತದ ಅಂದ್ರು. ಇನ್ನೇನು ಮುಗೀತದ ತಡೀರಿ ಅಂದೆ. ಆಮ್ಯಾಲ ಸಲಿಕಿ ಬಿಟ್ಟು ನನ್ನ ಮಾರಿ ನೋಡಿ, "ಯವ್ವಾ, ಎತ್ತಿಗಿ ನೀರು ಕುಡಿಸೀಯೇನು?" ಅಂತ ಕೇಳಿದ್ರು. ಅವರ ಅವ್ವ ಸತ್ತು ಆರು ವರ್ಷ ಆಗ್ಯಾದ. ಮನ್ಯಾಗ ಎತ್ತೂ ಇಲ್ಲ. ರಟ್ಟಿ ಮುಟ್ಟಿದೆ, ಹೆಂಚಿನಂಗ ಸುಡ್ತಿತ್ತು. ಒಂದು ಹನಿ ಬೆವರಿಲ್ಲ. ಹಂಗೇ ಕುಸದುಬಿಟ್ರು.

ಶಿವಕಾಂತಾ ಓಡಿ ಬಂದಳು. ನೆಳ್ಳಿಗಿ ಎಳದು ಅಂಗಿ ಬಿಚ್ಚಿಸಿದಳು, ಕೊಡದ ನೀರು ಮೈಮ್ಯಾಲ ಸುರುವಿದಳು, ಮಂದಿಗಿ ಟಾವೆಲ್ ಬೀಸಾಕ ಹಚ್ಚಿ 108ಕ್ಕ ಫೋನ್ ಮಾಡಿದಳು. ನಾ ಬಾಯಿಗಿ ನೀರು ಹಿಡಿದ್ರ ಕೈ ತಡದು, ಎಚ್ಚರ ಇಲ್ಲದವರಿಗಿ ಕುಡಿಸಬ್ಯಾಡ, ಉಸಿರಿನ ನಳಿಗಿ ಹೋಗ್ತದ ಅಂದಳು. ತನ್ನ ಸೆರಗೇ ತೋಯಿಸಿ ಇವರ ಕುತ್ತಿಗಿ, ಬಗಲು ಒರಸಿದಳು. ಅಫಜಲಪುರ ದವಾಖಾನ್ಯಾಗ ಸಂಜೀತನ ಇವರು ಕಣ್ಣು ತೆಗೀಲಿಲ್ಲ. ನನ್ನ ಜೀವ ಕೈಯಾಗಿತ್ತು.

ಇವರು ಕಣ್ಣು ತೆಗದ ಮ್ಯಾಲ, ಜೋಡಿ ಬಂದಿದ್ದ ಶಿವಕಾಂತಾಗ ನಾ ಕೇಳಿದೆ, ಬರೇ ನೀರು ಕಮ್ಮಿ ಆದ್ರ ಇಷ್ಟೆಲ್ಲಾ ಆಗ್ತದೇನು ಅಂತ.

"ಮೈ ಕಾದ್ರ ಮೊದಲ ಮೆದುಳಿಗಿ ತಿಳೀತದ," ಅಂದಳು ಶಿವಕಾಂತಾ. "ರಕ್ತ ಚರ್ಮದ ಕಡಿ ಕಳಸು ಅಂತ ಗುಂಡಿಗಿಗಿ ಹೇಳ್ತದ. ಬೆವರು ಬಿಡು ಅಂತ ಚರ್ಮಕ್ಕ ಹೇಳ್ತದ. ಬೆವರು ಆರಿದ್ರ ಮೈ ತಂಪ. ಇದ್ದ ನೀರು ಹಿಡಕೋ ಅಂತ ಕಿಡ್ನಿಗಿ ಹೇಳ್ತದ, ಅದಕ್ಕೇ ಉಚ್ಚಿ ಕಮ್ಮಿಯಾಗಿ ಹಳದಿ ಆಗ್ತದ. ಎಲ್ಲಾ ಕೂಡಿ ದುಡದು ಮೈತಾಪ ಒಂದೇ ಸಮ ಇಡ್ತಾವ. ನೀರೇ ಮುಗದ್ರ ಬೆವರು ಎಲ್ಲಿಂದ ತರಬೇಕು? ತಾಪ ಏರ್ತದ, ಗುಂಡಿಗಿ ಓಡಿ ಓಡಿ ಸೋಲ್ತದ, ಕಡೀಕ ಮೆದುಳೇ ದಿಕ್ಕು ತಪ್ತದ. ಬೆವರಿನ ಜೋಡಿ ಉಪ್ಪೂ ಹೋಗ್ತದ, ಅದಕ್ಕೇ ಆ ಪುಡಿ."

ನಂಗ ತಡಕೊಳ್ಳಾಕ ಆಗಲಿಲ್ಲ. "ಪಾಕೀಟ ನಾನೇ ಕಸಗೊಂಡೆ. ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗಿ" ಅಂದೆ.

ಆಕಿ ನೆಲ ನೋಡಿದಳು. "ನೀ ಅವರಿಗಿ ಕಣ್ಣು ಕೆಂಪಗ ಮಾಡಿದ್ದು ನೋಡಿದ್ದೆ. ನಾನೇ ಎದ್ದು ಒಂದು ಗ್ಲಾಸ ಕೊಡಬೇಕಿತ್ತು. ನಂಗೂ ಸಿಟ್ಟು ಬಂದಿತ್ತು."

ಈಗ ಇವರ ಬಾಟ್ಲಿಗಿ ಪುಡಿ ನಾನೇ ಕಲಸ್ತೇನಿ. ಹೊಟ್ಟಿಕಿಚ್ಚು ಪೂರಾ ಹೋಗ್ಯಾದ ಅಂದ್ರ ಸುಳ್ಳಾಗ್ತದ.

ಅಕ್ಕಗೋಳ್ರ್ಯಾ, ಅಣ್ಣಗೋಳ್ರ್ಯಾ, ಬಿಸಲಾಗ ದುಡಿಯೂವಾಗ ನೀರಡಿಕಿಗಿ ಕಾಯಬ್ಯಾಡ್ರಿ. ಒಂದು ಪಾಕೀಟಿಗಿ ಒಂದು ಲೀಟರ ಕುಡಿಯೂ ನೀರು. ಪುಡಿ ಇಲ್ಲದಿದ್ರ ಉಪ್ಪು ಹಾಕಿದ ಮಜ್ಜಿಗಿ ಕುಡೀರಿ. ಬಿಪಿ, ಕಿಡ್ನಿ ತ್ರಾಸ ಇದ್ದವರು ಡಾಕ್ಟರಿಗಿ ಕೇಳಿ ಕುಡೀರಿ. ತಲಿನೋವು, ಚಕ್ಕರ ಬಂದ್ರ, ಉಚ್ಚಿ ಗಾಢ ಹಳದಿ ಆದ್ರ ಕೆಲಸ ಬಿಟ್ಟು ನೆಳ್ಳಿಗಿ ಬರ್ರಿ. ಮಾತು ಅಡ್ಡಾದಿಡ್ಡಿ ಆದ್ರ, ಎಚ್ಚರ ತಪ್ಪಿದ್ರ ಮೈಮ್ಯಾಲ ನೀರು ಸುರುವಿ 108ಕ್ಕ ಫೋನ್ ಮಾಡ್ರಿ. ಹೇಳಾಕಿ ನಿಮಗ ಸೇರದಿದ್ರೂ ಆಕಿ ಮಾತು ಕೇಳ್ರಿ. ನನ್ನ ಸಿಟ್ಟಿಗಿ ಸಾಯಾಕ ಬಂದಿದ್ದು ನಾ ಅಲ್ಲ, ನಮ್ಮ ಮನಿಯವರು.