ಹೀಟರ್ ಕಾಯುವಷ್ಟು ಹೊತ್ತು

ಕೀಲಿಯನ್ನು ಬಲಕ್ಕೆ ತಿರುಗಿಸಿದೊಡನೆ ಟ್ರಾಕ್ಟರಿನ ಎಂಜಿನ್ನು ಮುಲುಕಿತು, ಹೊಗೆಕೊಳವೆಯಿಂದ ಒಂದಿಷ್ಟು ಬಿಳಿ ಹೊಗೆ ಬಿಟ್ಟಿತು, ಮತ್ತೆ ಸುಮ್ಮನಾಯಿತು. ಅವಳು ಕೀಲಿಯಿಂದ ಕೈ ತೆಗೆದು ಶಾಲಿನೊಳಗೆ ಮುದುಡಿಸಿಕೊಂಡಳು. ತಗಡಿನ ಮಾಡಿನ ಕೆಳಗೆ ಬೆಳಗಿನ ಬೆಳಕು ಇನ್ನೂ ಪೂರ್ತಿ ಇಳಿದು ಬಂದಿರಲಿಲ್ಲ. ಅಂಗಳದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ, ಯಾರೋ ಉಪ್ಪು ಚೆಲ್ಲಿ ಹೋದಂತಿತ್ತು. ಹಿಂದಿನ ಟ್ರೇಲರಿನಲ್ಲಿ ಹಾಲಿನ ಕ್ಯಾನುಗಳು ಹಗ್ಗ ಬಿಗಿಸಿಕೊಂಡು ಹೊರಡಲು ತಯಾರಾಗಿ ನಿಂತಿದ್ದವು.

"ಏನಾಯ್ತೇ?" ಒಳಗಿನಿಂದ ಅತ್ತೆ ಕೇಳಿದರು.

"ಆಗ್ಲಿಲ್ಲ ಅತ್ತೆ."

"ನಿನ್ನೇನೂ ಹಂಗೇ ಅಂದೆ."

"ನಿನ್ನೇನೂ ಆಗ್ಲಿಲ್ವಲ್ಲ."

ಒಳಗೆ ಅತ್ತೆ ಲೋಟವೊಂದನ್ನು ಅಗತ್ಯಕ್ಕಿಂತ ಜೋರಾಗಿ ಕೆಳಗಿಟ್ಟ ಸದ್ದು ಕೇಳಿಸಿತು.

ದೊಡ್ಡ ಟ್ರಾಕ್ಟರುಗಳ ಪಕ್ಕದಲ್ಲಿ ನಿಲ್ಲಿಸಿದರೆ ಮಕ್ಕಳ ಆಟದ ಸಾಮಾನಿನಂತೆ ಕಾಣುವ ಪುಟ್ಟ ಟ್ರಾಕ್ಟರು ಅದು. ಮೇವು ತರುವುದಕ್ಕೂ ಅದೇ, ಗೊಬ್ಬರ ಸಾಗಿಸುವುದಕ್ಕೂ ಅದೇ, ದಿನ ಬೆಳಗಾದರೆ ಹಾಲನ್ನು ಇಳಿಜಾರಿನ ಕೆಳಗಿನ ರಸ್ತೆ ತಿರುವಿಗೆ ಮುಟ್ಟಿಸುವುದಕ್ಕೂ ಅದೇ. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡನಿಗೆ ಲಕ್ವ ಹೊಡೆದಾಗ ಅವಳು ಅದನ್ನು ನಡೆಸಲು ಕಲಿತಿದ್ದಳು. ಬೆಚ್ಚಗಿನ ದಿನಗಳಲ್ಲಿ ಕೀಲಿ ತಿರುಗಿಸಿದರೆ ಸಾಕು, ಹೊರಡುತ್ತಿತ್ತು. ಚಳಿ ಬಿದ್ದದ್ದೇ ಅದರ ಬುದ್ಧಿ ಬದಲಾಯಿತು.

ಮೊನ್ನೆ ವ್ಯಾನು ಬಂದು ಕಾದು ಹೊರಟುಹೋಗಿತ್ತು. ನಿನ್ನೆ ಅವಳು ಕೈಗಾಡಿಯಲ್ಲಿ ಒಂದೇ ಒಂದು ಕ್ಯಾನನ್ನು ಇಟ್ಟುಕೊಂಡು, ಇಳಿಜಾರಿನಲ್ಲಿ ಗಾಡಿಯೇ ಅವಳನ್ನು ಎಳೆದುಕೊಂಡು ಹೋದಂತೆ ಓಡಿ, ವ್ಯಾನು ಹೊರಡುವ ಹೊತ್ತಿಗೆ ಸರಿಯಾಗಿ ಮುಟ್ಟಿದ್ದಳು. ವ್ಯಾನಿನವನು ಕೆಟ್ಟವನಲ್ಲ. ಕ್ಯಾನನ್ನು ತಾನೇ ಎತ್ತಿಕೊಂಡ. ಆಮೇಲೆ ಅವಳ ಮುಖ ನೋಡದೆ ಹೇಳಿದ: "ಅಕ್ಕಾ, ನಿಮ್ಮೊಂದು ಮನೆ ಹಾಲಿಗೆ ನಾನು ಇಷ್ಟು ದೂರ ಬರ್ಬೇಕು. ಬಂದ್ರೆ ಇಲ್ಲಿ ಕ್ಯಾನೂ ಇಲ್ಲ, ನೀವೂ ಇಲ್ಲ. ನಾಳೆನೂ ಹಿಂಗೇ ಆದ್ರೆ ಡೇರಿಯವ್ರಿಗೆ ಹೇಳಿ ಈ ತಿರುವು ಬಿಟ್ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ವ್ಯಾನು ಬರುವುದು ನಿಂತರೆ ಹಸುಗಳು ಹೋಗುತ್ತವೆ. ಹಸುಗಳು ಹೋದರೆ ಈ ಮನೆಯಲ್ಲಿ ಉಳಿಯುವುದು ಒಂದು ಮಂಚ, ಮಂಚದ ಮೇಲೊಬ್ಬ ಮನುಷ್ಯ, ಅವನ ಆಚೀಚೆ ಕೂತ ಇಬ್ಬರು ಹೆಂಗಸರು. ನಿನ್ನೆ ಮೆಕ್ಯಾನಿಕ್ಕಿಗೆ ಫೋನು ಮಾಡಿದಾಗ ಅವನು ಹೇಳಿದ್ದು ಇಷ್ಟೇ: "ಕೀಲಿ ಎಡಕ್ಕೆ ತಿರುಗಿಸಿ ಹಿಡ್ಕೊಳ್ಳಿ ಅಕ್ಕಾ. ಚಳೀಲಿ ಎಂಜಿನ್ ಒಳಗಿನ ಹೀಟರ್ ಮೊದ್ಲು ಕಾಯ್ಬೇಕು. ಕಾದ ಮೇಲೆ ಬಲಕ್ಕೆ ತಿರುಗಿಸಿ ಸೆಲ್ಫ್ ಹೊಡೀರಿ."

"ಎಷ್ಟು ಹೊತ್ತು ಹಿಡ್ಕೋಬೇಕು?"

"ಕಾದಿದ್ದು ತೋರಿಸೋಕೆ ಒಂದು ದೀಪ ಇತ್ತು, ಯಾವತ್ತೋ ಸುಟ್ಟೋಯ್ತು. ಅಣ್ಣ ಎಷ್ಟು ಹೊತ್ತು ಹಿಡ್ಕೋತಿದ್ರೋ ಅಷ್ಟೇ ಹೊತ್ತು. ಜಾಸ್ತಿ ಹಿಡೀಬೇಡಿ, ಬ್ಯಾಟರಿ ಇಳಿದೋಗುತ್ತೆ."

ಗಂಡನನ್ನು ಕೇಳುವಂತಿರಲಿಲ್ಲ. ಬಲಗೈ, ಬಲಗಾಲುಗಳೊಂದಿಗೆ ಅವನ ಮಾತೂ ಬಿದ್ದುಹೋಗಿತ್ತು. ನೀರು ಬೇಕಾದರೂ "ತ", ನೋವಾದರೂ "ತ", ತಾಯಿಯನ್ನು ಕರೆಯುವುದಕ್ಕೂ "ತ". ಅತ್ತೆ ದಿನವೂ ಅವನ ಮುಂದೆ ಕೂತು, ತೊದಲುವ ಮಗುವಿಗೆ ಕಲಿಸುವಂತೆ, "ಅಮ್ಮ ಅನ್ನು, ಅಮ್ಮ" ಎನ್ನುತ್ತಿದ್ದರು. ಅವನು ಅವರ ತುಟಿಗಳನ್ನೇ ನೋಡುತ್ತಿದ್ದು ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ.

ಅವನು ಟ್ರಾಕ್ಟರು ಎಬ್ಬಿಸುತ್ತಿದ್ದ ರೀತಿಯನ್ನು ಅವಳು ಕಣ್ಣಾರೆ ಕಂಡದ್ದಿಲ್ಲ. ಆ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಇರುತ್ತಿದ್ದಳು. ಕೇಳಿದ್ದು ಮಾತ್ರ ವರ್ಷಗಟ್ಟಲೆ. ಮೊದಲು ಕಂಬಳಿ ಎಳೆದ ಸದ್ದು. ರಾತ್ರಿಯೆಲ್ಲ ಎಂಜಿನ್ನಿಗೆ ಹೊದಿಸಿರುತ್ತಿದ್ದ ಹಳೆಯ ಕಂಬಳಿ ಅದು. ಆಮೇಲೆ ಟಕ್ ಎಂಬ ಒಂದು ಸಣ್ಣ ಸದ್ದು. ಆಮೇಲೆ ಬೈಗುಳ. ಒಂದು ಪದವೂ ಹಿಂದುಮುಂದಾಗದ, ಏರಿಳಿತವೂ ಬದಲಾಗದ ಅದೇ ಬೈಗುಳ: "ಏಳೇ ಮುದುಕಿ, ಏಳೇ ಸೋಮಾರಿ, ನಿನ್ನ ಹೊಟ್ಟೆಗೆ ಬೆಂಕಿ ಬೀಳ, ನಿನ್ನ ಗಂಟಲು ಕಟ್ಟಿಹೋಗ, ಊರೆಲ್ಲ ಎದ್ರೂ ಏಳದ ಮಹಾರಾಣಿ, ಏಳ್ತೀಯೋ ಗುಜರಿಗೆ ಹಾಕ್ಲೋ." ಅಷ್ಟಾದ ಮೇಲೆ ಎಂಜಿನ್ನು ಗುಡುಗುತ್ತಿತ್ತು.

ಮದುವೆಯಾದ ಮೊದಲ ಚಳಿಗಾಲದಲ್ಲಿ ಅದು ತನಗೇ ಎಂದುಕೊಂಡು ಅವಳು ಕೋಳಿ ಕೂಗುವ ಮೊದಲೇ ಎದ್ದು ಸ್ನಾನ ಮುಗಿಸಿ ನಿಂತಿದ್ದಳು. ನಿಜ ತಿಳಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ನಿನಗಲ್ಲ ಕಣೇ, ಅವನ ಇನ್ನೊಬ್ಬ ಹೆಂಡ್ತಿಗೆ" ಎಂದಿದ್ದರು. ಆದರೂ ಅವಳಿಗೆ ಆ ಬಾಯಿ ಎಂದೂ ಹಿಡಿಸಲಿಲ್ಲ. ಬೆಳ್ಳಂಬೆಳಗ್ಗೆ ಒಂದು ಯಂತ್ರದ ಮೇಲೆ ಅಷ್ಟು ಸಿಟ್ಟು ಯಾಕೆ ಎಂದುಕೊಳ್ಳುತ್ತಿದ್ದಳು. ಈಗ ಟ್ರಾಕ್ಟರು ತನ್ನ ಕೈಗೆ ಬಂದ ಮೇಲೆ, ಬೈಯದೆಯೂ ಈ ಕೆಲಸ ಆಗುತ್ತದೆ ಎಂಬ ಸಣ್ಣದೊಂದು ಹೆಮ್ಮೆ ಅವಳಲ್ಲಿತ್ತು. ಮೆಕ್ಯಾನಿಕ್ಕು ಹೇಳಿದಂತೆ ಕೀಲಿಯನ್ನು ಎಡಕ್ಕೆ ತಿರುಗಿಸುತ್ತಿದ್ದಳು, ಬ್ಯಾಟರಿಯ ನೆನಪಾಗಿ ಹೆದರಿ, ಉಸಿರು ಬಿಡುವಷ್ಟರಲ್ಲಿ ಬಲಕ್ಕೆ ತಿರುಗಿಸಿಬಿಡುತ್ತಿದ್ದಳು.

ಮತ್ತೊಮ್ಮೆ ಹಾಗೆಯೇ ಮಾಡಿದಳು. ಈ ಸಲ ಮುಲುಕಾಟವೂ ಕ್ಷೀಣವಾಗಿತ್ತು. ಬ್ಯಾಟರಿಯಲ್ಲಿ ಇನ್ನು ಉಳಿದಿರುವುದು ಒಂದು ಸಲಕ್ಕಾಗುವಷ್ಟೇ ಎಂದು ಆ ದನಿಯೇ ಹೇಳಿತು. ಇಳಿಜಾರಿನ ಆಚೆ ಎಲ್ಲೋ ವ್ಯಾನಿನ ಹಾರನ್ನು ಕೇಳಿಸಿತು. ಇನ್ನೂ ಹಿಂದಿನ ತಿರುವುಗಳಲ್ಲಿತ್ತು.

ಅವಳು ಕ್ಲಚ್ಚು ತುಳಿದು ಕೀಲಿಯನ್ನು ಎಡಕ್ಕೆ ತಿರುಗಿಸಿದಳು. ಟಕ್ ಎಂದಿತು. ಬಲಕ್ಕೆ ತಿರುಗಿಸಬೇಕಾದ ಕೈ ಮುಂದಕ್ಕೆ ಸಾಗಲಿಲ್ಲ. ಹೆದರಿಕೆಯೇನೂ ಅಲ್ಲ, ಬರೀ ಸುಸ್ತು. ಕೀಲಿಯನ್ನು ಹಾಗೆಯೇ ಹಿಡಿದುಕೊಂಡು ಹಣೆಯನ್ನು ತಣ್ಣನೆಯ ಸ್ಟೀರಿಂಗಿನ ಮೇಲೆ ಇಟ್ಟಳು. ಇದೂ ಆಗದಿದ್ದರೆ ಇಲ್ಲೇ ಹೀಗೇ ಕೂತಿರಬಹುದು ಎನಿಸಿತು.

ಆಗ ಮಾಡಿಗೆ ಅಂಟಿದ ಮನೆಯ ಗೋಡೆಯಲ್ಲಿ, ತಲೆಯ ಮೇಲಿನ ಗವಾಕ್ಷಿಯಿಂದ ಏನೋ ಗೊರಗೊರ ಸದ್ದು ಬಂತು. ಗೋಡೆಯ ಆಚೆಗೇ ಗಂಡನ ಮಂಚ. ಮತ್ತೆ ಏನಾದರೂ ಆಯಿತೇ ಎಂದು ಅವಳು ತಲೆಯೆತ್ತಿದಳು.

"ಏ... ಏಳೇ ಮು... ಮುದುಕಿ."

ಒಳಗೆ ಅತ್ತೆಯ ಕೈಯಿಂದ ಏನೋ ಬಿದ್ದು ಉರುಳಿತು.

"ಏಳೇ ಸೋಮಾರಿ. ನಿನ್ನ ಹೊಟ್ಟೆಗೆ... ಬೆಂಕಿ ಬೀಳ." ನಾಲಿಗೆ ಒಂದು ಬದಿಗೆ ವಾಲಿತ್ತು, ಅಕ್ಷರಗಳು ಒದ್ದೆಯಾಗಿದ್ದವು, ಆದರೂ ಏರಿಳಿತ ಅದೇ. "ನಿನ್ನ ಗಂಟಲು ಕಟ್ಟಿಹೋಗ."

ಅವಳ ಬೆರಳುಗಳು ಕೀಲಿಯ ಮೇಲೆ ಬಿಗಿದವು. ಬಿಡಲೂ ಇಲ್ಲ, ತಿರುಗಿಸಲೂ ಇಲ್ಲ.

"ಊರೆಲ್ಲ ಎದ್ರೂ... ಏಳದ..." ಅಲ್ಲಿ ಮಾತು ಸಿಕ್ಕಿಕೊಂಡಿತು. "ಏಳದ... ತ... ತ..."

ಗವಾಕ್ಷಿಯ ಕಡೆ ಮುಖವೆತ್ತಿ ಅವಳೇ ಹೇಳಿದಳು: "ಮಹಾರಾಣಿ."

"ಮಹಾರಾಣಿ," ಎಂದಿತು ಒಳಗಿನ ದನಿ, ನೆಮ್ಮದಿಯಿಂದ. "ಏಳ್ತೀಯೋ ಗುಜರಿಗೆ ಹಾಕ್ಲೋ."

ಬೈಗುಳ ಮುಗಿಯುವಷ್ಟೇ ಹೊತ್ತು ಹಿಡಿದಿದ್ದು ಅವಳು ಕೀಲಿಯನ್ನು ಬಲಕ್ಕೆ ತಿರುಗಿಸಿದಳು. ಎಂಜಿನ್ನು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಇಡೀ ಮಾಡು ಅದುರುವಂತೆ ಹೊತ್ತಿಕೊಂಡಿತು. ಒಳಗೆ ಏನು ನಡೆಯುತ್ತಿದೆ ಎಂದು ಆ ಗದ್ದಲದಲ್ಲಿ ಕೇಳಿಸಲಿಲ್ಲ. ಇಳಿದು ಹೋಗಿ ನೋಡುವಷ್ಟು ಹೊತ್ತಿರಲಿಲ್ಲ. ಗೇರು ಹಾಕಿ ಹೊರಟಳು.

ತಿರುವಿನಲ್ಲಿ ವ್ಯಾನಿನವನು ಕ್ಯಾನುಗಳನ್ನು ಇಳಿಸಿಕೊಳ್ಳುತ್ತ, "ಎದ್ಬಿಡ್ತಾ ಅಕ್ಕಾ? ಏನ್ಮಾಡಿದ್ರಿ?" ಎಂದು ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೇಳಿದ.

"ಬೈದ್ರು," ಎಂದಳು ಅವಳು.

ಅವನು ತಮಾಷೆಯೆಂದುಕೊಂಡು ನಕ್ಕ. ನಾಳೆ ಬರುತ್ತೇನೆಂದು ಕೈಯೆತ್ತಿ ಹೊರಟ.

ಅವಳು ಮರಳಿ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕಣ್ಣು ಕೆಂಪಾಗಿತ್ತು.

"ಇನ್ನೊಂದು ಮಾತು ಆಡಲಿಲ್ಲ ಕಣೇ," ಎಂದರು. "ಅಮ್ಮ ಅನ್ನು ಅಂದೆ. ಬೈಯೋದಾದ್ರೆ ನನ್ನೇ ಬೈಯೋ ಅಂದೆ. ಬರೀ ತ, ತ. ಸುಮ್ನೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟ."

ಅವಳು ಒಳಗೆ ಹೋಗಿ ನೋಡಿದಳು. ಅವನ ಕಣ್ಣು ತೆರೆದೇ ಇತ್ತು. ಹೊದಿಕೆ ಸರಿಪಡಿಸಿದಳು. ಅವನು ಅವಳನ್ನು ನೋಡಿದ, ತುಟಿಯಾಡಿಸಿದ, "ತ" ಎಂದ. ಅವಳು ಮತ್ತೆ ಹೊರಗೆ ಬಂದಳು. ಅತ್ತೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದ್ದರು.

ಮಾಡಿನ ಕೆಳಗೆ ಎಂಜಿನ್ನು ಇನ್ನೂ ಬಿಸಿಯಾಗಿತ್ತು. ಬಿಸಿ ಲೋಹ ಆರುವಾಗಿನ ಚಿಟಪಿಟ ಸದ್ದು ಕೇಳುತ್ತಿತ್ತು. ಕಂಬಳಿಯನ್ನು ತಂದು ಅದರ ಮೇಲೆ ಹೊದಿಸಿ, ಅಂಚುಗಳನ್ನು ಒಳಕ್ಕೆ ಸಿಕ್ಕಿಸಿದಳು. ಆಮೇಲೆ ಸೀಟಿನ ಮೇಲೆ ಹತ್ತಿ ಕೂತಳು. ಸಂಜೆಯ ಮೇವಿನವರೆಗೂ ಎಲ್ಲಿಗೂ ಹೋಗುವುದಿರಲಿಲ್ಲ. ಕೀಲಿಯನ್ನು ಎಡಕ್ಕೆ ತಿರುಗಿಸಿ ಹಿಡಿದುಕೊಂಡಳು. ಟಕ್ ಎಂದಿತು.

ಗವಾಕ್ಷಿಯ ಕಡೆ ಮುಖ ಮಾಡಿ ಕಾದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.