ಶೇಡಿ ತೆಗೆದ ಬಾವಿ

ನಾವುಂದದ ಗಿರಿಜತ್ತೆಯ ಮನೆಗೆ ಯಾರೇ ಕಾಲಿಡಲಿ, ಬಂದ ಕೆಲಸ ಹೇಳುವ ಮೊದಲೇ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಮುಂದೆ ಬರುತ್ತಿತ್ತು. ಗದ್ದೆಯ ಅಂಚಿನ ತಕರಾರು ಹೊತ್ತು ಜಗಳಕ್ಕೆಂದೇ ಬಂದವನೂ ಬೆಲ್ಲ ಕಡಿದು, ನೀರು ಕುಡಿದು, ಆಮೇಲೆ ಬಾಯಿ ಮಾಡಬೇಕು. ಅಷ್ಟರಲ್ಲಿ ಅರ್ಧ ಜಗಳ ಹೊಟ್ಟೆಯೊಳಗೆ ಇಳಿದಿರುತ್ತಿತ್ತು ಎಂದು ಊರಿನವರು ನಗುತ್ತಿದ್ದರು. ಆದರೆ ನೀರಿನ ವಿಷಯ ನಗುವಂಥದ್ದಾಗಿರಲಿಲ್ಲ. ಸಮುದ್ರಕ್ಕೂ ಹೊಳೆಗೂ ನಡುವೆ ಸಿಕ್ಕಿಕೊಂಡ ಆ ಪಡುಕೇರಿಯಲ್ಲಿ ಸಣ್ಣ ಬಾವಿಗಳೆಲ್ಲ ಯುಗಾದಿಗೇ ತಳ ಕಾಣಿಸುತ್ತಿದ್ದವು. ಮಳೆ ಬೀಳುವವರೆಗೆ ಮೀನುಗಾರರ ಮನೆಗಳೂ ಸೇರಿ ಇಡೀ ಕೇರಿಯ ಬಾಯಿಗೆ ಬೀಳುತ್ತಿದ್ದದ್ದು ಗಿರಿಜತ್ತೆಯ ಅಂಗಳದ ದೊಡ್ಡಬಾವಿಯ ನೀರೇ.

ಅರವತ್ತಾರನೆಯ ಇಸವಿಯ ಏಪ್ರಿಲ್ ತಿಂಗಳು. ಹಿಂದಿನ ಮಳೆಗಾಲ ದೀಪಾವಳಿಗೂ ಮೊದಲೇ ಕೈಕೊಟ್ಟಿತ್ತು. ಗಿರಿಜತ್ತೆಯ ಅಣ್ಣನ ಮಗ, ಹಾಲಾಡಿಯ ಉಮಾನಾಥ, ಬಸ್ಸಿಳಿದು ಸೀಸೆಗಳ ಪೆಟ್ಟಿಗೆ ಹೊತ್ತು ಅಂಗಳಕ್ಕೆ ಬಂದ. ಭೂವಿಜ್ಞಾನ ಓದಿದ್ದ ಅವನು ಬ್ರಹ್ಮಾವರದಿಂದ ಬೈಂದೂರಿನವರೆಗಿನ ಬಾವಿಗಳಿಗೆ ಹಗ್ಗ ಇಳಿಬಿಟ್ಟು ಆಳ ಅಳೆದು, ನೀರಿನ ಉಪ್ಪು ಪರೀಕ್ಷಿಸುವ ಸಂಶೋಧನೆಯಲ್ಲಿದ್ದ. ಕರಾವಳಿಯ ನೆಲದಡಿಗೆ ಸಮುದ್ರ ಎಲ್ಲಿಯವರೆಗೆ ನುಗ್ಗಿದೆ ಎಂದು ತಿಳಿಯುವುದು ಅವನ ಕೆಲಸ. ಸೀಸೆ ಕಂಡವರು ಮಾತ್ರ ಹೊಟ್ಟೆಹುಳುವಿಗೆ ಮದ್ದಿದೆಯೇ ಎಂದು ಕೇಳುತ್ತಿದ್ದರು.

ಅತ್ತೆ ಬೆಲ್ಲ, ನೀರು ತಂದಿಟ್ಟರು. ಉಮಾನಾಥ ಬೆಲ್ಲ ಕಡಿದು ನೀರು ಗುಟುಕರಿಸಿದ. ಬೆಲ್ಲದ ಸಿಹಿ ಇಳಿದ ಮೇಲೆ ನಾಲಿಗೆಯ ಬುಡದಲ್ಲಿ ಉಪ್ಪು ಉಳಿಯಿತು.

"ಅತ್ತೆ, ಈ ನೀರ್ ಎಲ್ಲಿದ್?"

"ಎಲ್ಲಿದ್ ಅಂದ್ರೆ? ನಮ್ಮ್ ಬಾವಿದ್ದೇ. ಎಂತಕೆ ಹಂಗ್ ಕೇಂತೆ ಮಗಾ?"

"ಉಪ್ಪ್ ಇತ್ತ್ ಅತ್ತೆ."

ಗಿರಿಜತ್ತೆಗೆ ಸಿಟ್ಟು ನೆತ್ತಿಗೇರಿತು. "ನನ್ನ್ ಬಾವಿ ನೀರಿಗೆ ಉಪ್ಪಾ? ಊರೂರ್ ನೀರ್ ಕುಡ್ದ್ ನಿನ್ನ್ ಬಾಯಿ ಹಾಳಾಯ್ತ್, ಕಾಣ್."

ದಿನಾ ಕುಡಿಯುವವರಿಗೆ ತಿಳಿದಿರಲಿಲ್ಲ, ಅಷ್ಟು ಮೆಲ್ಲಗೆ ಕೆಟ್ಟಿತ್ತು ನೀರು. ಉಮಾನಾಥ ಜಗಲಿಯಲ್ಲೇ ಪೆಟ್ಟಿಗೆ ಬಿಚ್ಚಿದ. ಗಾಜಿನ ಲೋಟದ ನೀರಿಗೆ ಹಳದಿ ಮದ್ದು ಹಾಕಿ, ಮೇಲಿಂದ ಇನ್ನೊಂದು ಮದ್ದನ್ನು ಹನಿಹನಿಯಾಗಿ ಬಿಟ್ಟ. ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಲು ಎಷ್ಟು ಹೆಚ್ಚು ಹನಿ ಹಿಡಿಯುತ್ತದೋ ಅಷ್ಟು ಉಪ್ಪು. ಹೋದ ವರ್ಷ ನಾಲ್ಕು ಹನಿಗೆ ತಿರುಗಿದ ನೀರು ಈ ಸಲ ತಿರುಗುವ ಹಾಗೆಯೇ ಕಾಣಲಿಲ್ಲ. ಅವನು ಸೀಸೆ ಬಿಟ್ಟೆದ್ದು ಬಾವಿಯೊಳಗೆ ಬಗ್ಗಿ ನೋಡಿದ.

ಯಾಕೆಂದರೆ ಈ ಅಂಗಳದ ಹೊಟ್ಟೆಯಲ್ಲಿ ಏನಿದೆ ಎಂದು ಅವನು ಕಂಡಿದ್ದ. ಹೋದ ಬೇಸಗೆಯಲ್ಲಿ ಅಂಗಳದ ಮೂಲೆಯಲ್ಲಿ ಬೈರಿಗೆ ಇಳಿಸಿ ನೆಲ ಕೊರೆದು ನೋಡಿದ್ದ. ಮೇಲೆ ನೀರು ಒಸರುವ ಕೆಂಪು ಮುರಕಲ್ಲು, ಅದರಡಿ ಬಿಳಿಯ ಶೇಡಿಮಣ್ಣಿನ ಹಾಸು, ಶೇಡಿ ಮುಗಿದಲ್ಲಿ ಕಪ್ಪು ಮರಳು. ಆ ಮರಳಿನಿಂದ ಬೈರಿಗೆಯ ಬೆನ್ನಿಗೇ ಎದ್ದು ಬಂದದ್ದು ಬರೀ ಉಪ್ಪುನೀರು. ಸಮುದ್ರದ ಭರತಕ್ಕೆ ಏರುತ್ತಿತ್ತು, ಇಳಿತಕ್ಕೆ ಇಳಿಯುತ್ತಿತ್ತು. ಅದನ್ನು ತಡೆದದ್ದು ಬಾವಿಯ ತಳದ ಶೇಡಿ, ಮತ್ತು ಆ ಶೇಡಿಯ ಮೇಲೆ ಭಾರವಾಗಿ ಕೂತ ಮಳೆಯ ಸಿಹಿನೀರು. ತೂತನ್ನು ಭದ್ರವಾಗಿ ಜಡಿದು ಮುಚ್ಚಿ, ಬಾವಿಯ ಕೆಸರು ತೆಗೆಯುವಾಗ ಬಿಳಿಮಣ್ಣು ಕಂಡಲ್ಲಿಗೆ ಅಗೆಯುವುದನ್ನು ನಿಲ್ಲಿಸಿ ಎಂದು ಎಲ್ಲರಿಗೂ ಹೇಳಿ ಹೋಗಿದ್ದ.

ಆಮೇಲೆ ಕೆಸರು ತೆಗೆಯಲು ಬಾವಿಗಿಳಿದವನು ಗುಡ್ಡ ಎಂಬ ಮೀನುಗಾರ. ಅವನನ್ನು ಕರೆಸಿ ಕೇಳಿದ್ದಾಯಿತು.

"ಇಲ್ಲೆ ಅಯ್ಯ," ಎಂದ ಗುಡ್ಡ, ತಲೆಯ ಮೇಲೆ ಕೈಯಿಟ್ಟು. "ಕೆಸ್ರ್ ಮಾತ್ರ ತೆಗ್ದದ್. ಬೆಳಿ ಕಂಡ ಕೂಡ್ಲೇ ಹಾರೆ ಮೇಲ್ ಕಳ್ಸಿದ್ದೆ. ದೇವ್ರಾಣೆ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಉಮಾನಾಥನಿಗೆ ತಲೆಬುಡ ತಿಳಿಯದಾಯಿತು. ಗುಡ್ಡನ ಜೊತೆ ಕೇರಿಯತ್ತ ನಡೆದ. ಗುಡ್ಡನ ಮನೆಯೆದುರಿನ ತುಳಸಿಕಟ್ಟೆ ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಪಕ್ಕದ ಮನೆಯದ್ದೂ ಹಾಗೆಯೇ, ಅದರಾಚೆಯದ್ದೂ. ಉಮಾನಾಥ ಕಟ್ಟೆಗೆ ಬಳಿದ ಬಿಳಿಯನ್ನು ಬೆರಳಿನಿಂದ ಉಜ್ಜಿ ನೋಡಿದ.

"ಈ ಶೇಡಿ ಎಲ್ಲಿಂದ ತಂದದ್?" ಎಂದು ಗುಡ್ಡನ ಹೆಂಡತಿ ಸೀತುವನ್ನು ಕೇಳಿದ.

"ದೊಡ್ಡಬಾವಿದ್ದೇ ಅಯ್ಯ," ಎಂದಳು ಸೀತು, ಹೆಮ್ಮೆಯಿಂದ. "ವರ್ಷವೂ ಕೆಸ್ರ್ ತೆಗ್ದ್ ಆದ್ಮೇಲೆ ನಾವ್ ಹೆಂಗ್ಸ್ರ್ ಇಳ್ದ್ ಕೈಯಗೇ ಕೆರ್ಕಂಬುದ್. ಮನಿಗೊಂದ್ ಬುಟ್ಟಿ ನಿಮ್ಮ್ ಅತ್ತೆಯೇ ಕೊಡ್ತ್ರ್. ಇಷ್ಟ್ ಬೆಳಿ ಶೇಡಿ ಬೇರೆ ಎಲ್ಲೂ ಸಿಕ್ಕುದಿಲ್ಲೆ."

ಅಜ್ಜಿಯ ಕಾಲದಿಂದ ಮನೆಗೊಂದು ಬುಟ್ಟಿ. ಕೇರಿಯ ಗೋಡೆಗಳ ಮೇಲೆ, ತುಳಸಿಕಟ್ಟೆಗಳ ಮೇಲೆ ವರ್ಷ ವರ್ಷವೂ ಏರಿದ್ದು ಬಾವಿಯ ತಳವೇ. ಹಾಲಾಡಿಯಲ್ಲಿ ಉಮಾನಾಥನ ತಾಯಿಯೂ ಶೇಡಿ ಬಳಿಯುತ್ತಿದ್ದರು, ಆದರೆ ಅದು ಗುಡ್ಡೆಯ ಬದಿ ಕಡಿದು ತರುತ್ತಿದ್ದ ಶೇಡಿ. ಗುಡ್ಡೆಯೇ ಇಲ್ಲದ ಈ ಕೇರಿಗೆ ಶೇಡಿ ಎಲ್ಲಿಂದ ಬರುತ್ತದೆ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಸಮುದ್ರವನ್ನು ಕೇಳಿದ್ದ, ಕಲ್ಲನ್ನು ಕೇಳಿದ್ದ, ಹೆಂಗಸರನ್ನು ಕೇಳಿರಲಿಲ್ಲ. ಅವರೂ ಅವನ ಮಾತು ಮೀರಿರಲಿಲ್ಲ. ಹಾರೆ ಹಿಡಿದು ಅಗೆಯುವುದು ಗಂಡಸರ ಕೆಲಸ. ಹಬ್ಬಕ್ಕೆ ಬಳಿಯಲು ಶೇಡಿ ಕೆರೆಯುವುದೂ ಅಗೆತವೇ ಎಂದು ಆ ಕೇರಿಯಲ್ಲಿ ಯಾರಿಗೆ ತಾನೇ ಹೊಳೆಯಬೇಕು? ಉಮಾನಾಥನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

ವಿಷಯ ತಿಳಿದು ಸೀತು ಬಾವಿಕಟ್ಟೆಯ ಹತ್ತಿರ ಕುಸಿದು ಕೂತು ಅಳತೊಡಗಿದಳು. ಗಿರಿಜತ್ತೆ ಅವಳ ರಟ್ಟೆ ಹಿಡಿದು ಎಬ್ಬಿಸಿದರು. "ಕೊಟ್ಟದ್ ನಾನ್, ತಕಂಡದ್ ನೀನ್. ಮರ್ಕೂಕೆ ಈಗ ಪುರ್ಸೊತ್ತಿಲ್ಲೆ, ಏಳ್." ಆಮೇಲೆ ಉಮಾನಾಥನ ಕಡೆ ತಿರುಗಿ ಕೇಳಿದರು. "ತೆಗ್ದ ಶೇಡಿ ತಿರ್ಗಿ ಹಾಕ್ರೆ ಆತ್ತಾ?"

ಆಗುತ್ತದೆ ಎನ್ನುವ ಧೈರ್ಯ ಅವನಿಗಿರಲಿಲ್ಲ. ಆಗುವುದಿಲ್ಲ ಎನ್ನುವ ಬಾಯಿಯೂ ಇರಲಿಲ್ಲ. "ಕಾಂಬ ಅತ್ತೆ," ಎಂದ.

ಗುಡ್ಡ ದಿನ ಗೊತ್ತುಮಾಡಿದ. ಅಷ್ಟಮಿಯ ದಿನ ಸಮುದ್ರಕ್ಕೆ ಅಷ್ಟು ಸೊಕ್ಕಿರುವುದಿಲ್ಲ, ಆ ದಿನದ ಇಳಿತದಲ್ಲಿ ಬಾವಿಯ ತಳ ಕಟ್ಟಬೇಕು. ಆದರೆ ಶೇಡಿ? ಅಟ್ಟದ ಮೇಲೆ ಉಂಡೆ ಕಟ್ಟಿ ಇಟ್ಟದ್ದು ಸಾಲಲಿಲ್ಲ. ಆಗ ಹೆಂಗಸರು ಕತ್ತಿ, ಕೆರೆಮಣೆ, ತೆಂಗಿನ ಗೆರಟೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಗೋಡೆ ಕೆರೆಯತೊಡಗಿದರು. ಸೀತು ತನ್ನ ತುಳಸಿಕಟ್ಟೆಗೆ ಕೈಮುಗಿದು, ತಪ್ಪಾಯಿತೆಂದು ಕೆನ್ನೆಗೆ ಬಡಿದುಕೊಂಡು, ಅಳುತ್ತಾ ಕೆರೆದಳು. ಗಿರಿಜತ್ತೆಯ ಚಾವಡಿಯ ಗೋಡೆಯಲ್ಲಿ ಮಗಳ ಮದುವೆಗೆ ಶೇಡಿಯಲ್ಲಿ ಬರೆದ ಹಸೆಯ ಚಿತ್ತಾರ ಇನ್ನೂ ಇತ್ತು. ಅದನ್ನೂ ಬಿಡಲಿಲ್ಲ. ಸಂಜೆಯೊಳಗೆ ಕೇರಿಗೆ ಕೇರಿಯೇ ಸಿಪ್ಪೆ ಸುಲಿದ ಹಾಗೆ ಕೆಂಪು ಮಣ್ಣಿನ ಗೋಡೆಯಾಗಿ ನಿಂತಿತು. ಯಾರೂ ಒಂದು ಮಾತು ಗೊಣಗಲಿಲ್ಲ.

ಅಷ್ಟಮಿಯ ದಿನ ಬಾವಿಯ ನೀರನ್ನೆಲ್ಲ ಎತ್ತಿ ಚೆಲ್ಲಿ, ಶೇಡಿಯನ್ನು ಕಾಲಿನಿಂದ ನಾದಿ ಮುದ್ದೆ ಮಾಡಿ ಬುಟ್ಟಿಯಲ್ಲಿ ಇಳಿಸಿದರು. ಗುಡ್ಡ, ಉಮಾನಾಥ ಇಬ್ಬರೂ ತಳದಲ್ಲಿ ನಿಂತು ತುಳಿದು ತುಳಿದು ಹಾಸಿದರು, ಮೇಲೆ ಚಪ್ಪಟೆ ಕಲ್ಲು ಹೇರಿದರು. ಬದಿಯ ಮುರಕಲ್ಲಿನಿಂದ ಸಿಹಿನೀರು ಒಸರಿ ತುಂಬಲೆಂದು ಎರಡು ದಿನ ಯಾರೂ ಕೊಡಪಾನ ಇಳಿಸಲಿಲ್ಲ. ಮೂರನೆಯ ದಿನ ಪರೀಕ್ಷೆ ಮಾಡಿದಾಗ ಲೋಟದ ನೀರು ಬೇಗನೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಗಿರಿಜತ್ತೆ ಅದೇ ಲೋಟಕ್ಕೆ ಕೈಚಾಚಿದರು. ಮದ್ದು ಹಾಕಿದ ನೀರು, ಕುಡಿಯಬಾರದು ಎಂದು ಅವನು ಹೌಹಾರಿ ಕಸಿದುಕೊಂಡಾಗ ಎಲ್ಲರೂ ನಕ್ಕರು. ಆ ವಾರದಲ್ಲಿ ಕೇರಿ ನಕ್ಕದ್ದು ಅದೊಂದೇ ಸಲ.

ಉಮಾನಾಥ ನಗಲಿಲ್ಲ. "ಅತ್ತೆ, ಸರಿಯಾಗಿ ಕೇಣಿ. ಬಾವಿ ನೀರಿನ ಭಾರವೇ ಆ ಶೇಡಿನ ಅಡಿಗೆ ಒತ್ತಿ ಹಿಡ್ಕಂಡಿಪ್ಪುದ್. ನೀರ್ ಕಡ್ಮೆ ಆದ್ರೆ ಅಡಿ ಉಪ್ಪುನೀರ್ ಎತ್ತಿ ಒಗಿತ್ತ್. ಮನಿಗೆ ಒಂದ್ ಕೊಡಪಾನ, ಹೆಚ್ಚಿಗೆ ಬೇಡ. ಹುಣ್ಣಿಮೆ ಭರತ ಒಂದ್ ದಾಟ್ರೆ ಉಳಿತ್ತ್."

ಕೇರಿಯವರು ಆ ಮಾತನ್ನು ವ್ರತದಂತೆ ನಡೆಸಿದರು. ಮಕ್ಕಳಿಗೆ ಹೊಳೆಯಲ್ಲಿ ಸ್ನಾನ, ಪಾತ್ರೆಗೆ ಬೂದಿ. ಆದರೆ ದೊಡ್ಡಬಾವಿ ಉಳಿಯಿತಂತೆ ಎಂಬ ಸುದ್ದಿ ಹೊಳೆ ದಾಟಿತು. ನಡುಹೊಳೆಯ ನಡುಗಡ್ಡೆ ಕುದ್ರುವಿನಲ್ಲಿ ಇದ್ದೊಂದು ಬಾವಿಯೂ ಬತ್ತಿತ್ತು. ಹುಣ್ಣಿಮೆಗೆ ಎರಡು ದಿನ ಇರುವಾಗ ಅಲ್ಲಿನ ಹೆಂಗಸರು ದೋಣಿಯ ತುಂಬ ಕೊಡಪಾನ ಹೇರಿಕೊಂಡು ಬಂದರು. ಅಂಗಳದಲ್ಲಿ ನಿಂತರು. ಗಿರಿಜತ್ತೆ ಒಳಗಿನಿಂದ ಬೆಲ್ಲ ತಂದರು, ಆಮೇಲೆ ರಾಟೆಗೆ ಹಗ್ಗ ಹಾಕಿದರು.

"ಅತ್ತೆ!" ಎಂದ ಉಮಾನಾಥ.

"ದೋಣಿ ಹತ್ತಿ ಬಂದವ್ರ್ ಮಗಾ. ನೀರ್ ಕೇಂಡವ್ರಿಗೆ ಇಲ್ಲೆ ಅಂದದ್ ಈ ಮನಿಯಗೆ ಇಲ್ಲೆ. ಇವತ್ತ್ ಒಂದಿನ."

ಇಂದಿನದು ನಾಳೆಗೂ ಬಂತು. ಮರುದಿನ ದೋಣಿ ಎರಡಾಯಿತು. ಉಮಾನಾಥ ತಡೆಯಬಹುದಿತ್ತು, ರಾಟೆಯ ಹಗ್ಗ ಕತ್ತರಿಸಿ ಎಸೆಯಬಹುದಿತ್ತು. ದೋಣಿಯಿಂದಿಳಿದ ಹೆಂಗಸೊಬ್ಬಳ ಸೊಂಟದ ಮೇಲಿನ ಮಗುವಿನ ಒಡೆದ ತುಟಿ ನೋಡಿ ಅವನು ಮುಖ ತಿರುಗಿಸಿದ. ಲೆಕ್ಕ ಗೊತ್ತಿದ್ದವನು ಅವನೊಬ್ಬನೇ, ಸುಮ್ಮನಿದ್ದವನೂ ಅವನೇ. ಹಗ್ಗ ಇಳಿಬಿಟ್ಟು ನೋಡಿದಾಗ ನೀರು ಮೊಣಕಾಲಿನಷ್ಟು ಉಳಿದಿತ್ತು.

ಹುಣ್ಣಿಮೆಯ ದಿನ ಭರತ ಮಧ್ಯಾಹ್ನಕ್ಕೆ. ಊಟದ ಹೊತ್ತಿಗೆ ಬಾವಿಯೊಳಗಿನಿಂದ ಕಲ್ಲಿಗೆ ಕಲ್ಲು ತಾಗಿದ ಸದ್ದು ಬಂತು. ಎಲ್ಲರೂ ಓಡಿದರು. ತಳದಿಂದ ಅಕ್ಕಿ ತೊಳೆದ ನೀರಿನಂತೆ ಬಿಳಿಯ ನೀರು ಗುಳುಗುಳು ಏಳುತ್ತಿತ್ತು. ಉಮಾನಾಥ ಉಟ್ಟ ಬಟ್ಟೆಯಲ್ಲೇ ಹಗ್ಗ ಹಿಡಿದು ಇಳಿದ. "ಶೇಡಿ ಹಾಕಿ! ಬೇಗ ಹಾಕಿ!" ಎಂದು ಕೂಗಿದ. ಶೇಡಿ ಎಲ್ಲಿತ್ತು? ಕೇರಿಯ ಗೋಡೆಗಳೆಲ್ಲ ಬೆತ್ತಲೆಯಾಗಿದ್ದವು. ಅವನು ಕಾಲಿನಿಂದ ತುಳಿದ, ಕೂತು ಒತ್ತಿದ, ಎರಡೂ ಕೈಯಿಂದ ತಳವನ್ನು ಅದುಮಿ ಹಿಡಿದ. ಬೆರಳ ಸಂದಿಯಲ್ಲಿ ತಣ್ಣನೆಯ ನೀರು ನುಗ್ಗಿ ಬಂತು. ಸಮುದ್ರ ಅವನ ಅಂಗೈಯನ್ನು ಮೆಲ್ಲಗೆ ಮೇಲಕ್ಕೆ ತಳ್ಳುತ್ತಿತ್ತು. ಕತ್ತಿನವರೆಗೆ ನೀರು ಬಂದಾಗ ಗುಡ್ಡ ಇಳಿದು ಅವನ ಕಂಕುಳಿಗೆ ಕೈಹಾಕಿ ಎತ್ತಿದ.

"ಹ್ವಾಯ್, ಸಾಕ್ ಅಯ್ಯ. ಸಾಕ್. ಜೀವ ಹೋತ್ತ್."

ಮೇಲೆ ಬಂದವನ ಬಾಯಿ ಉಪ್ಪುಪ್ಪಾಗಿತ್ತು. ಪರೀಕ್ಷೆಗೆ ಪೆಟ್ಟಿಗೆ ಬೇಕಾಗಲಿಲ್ಲ.

ಬಾವಿಕಟ್ಟೆಗೆ ಒರಗಿ ಕೂತ. ಹೇಳಲೇಬೇಕಾದ ಮಾತೊಂದು ಇತ್ತು. ಕೇರಿಯ ಸಣ್ಣ ಬಾವಿಗಳ ತಳದಲ್ಲಿ ಉಳಿದ ಕೆಸರುನೀರು ಇನ್ನೂ ಸಿಹಿ. ಅದಕ್ಕೂ ದೊಡ್ಡಬಾವಿಗೂ ಒಂದೇ ಮುರಕಲ್ಲಿನ ಒರತೆ. ತೂತು ಬಿದ್ದ ಬಾವಿಯನ್ನು ಹೀಗೇ ಬಿಟ್ಟರೆ ಉಪ್ಪು ಅವಕ್ಕೂ ಹರಿಯುತ್ತದೆ, ಮುಂದಿನ ಬೇಸಗೆಗೆ ಕೇರಿಯಲ್ಲಿ ಮನುಷ್ಯರು ಇರುವಂತಿಲ್ಲ.

"ಮುಚ್ಕ್ ಅತ್ತೆ," ಎಂದ. "ಮಣ್ಣ್ ಹಾಕಿ ಬಾಯಿವರೆಗೂ ಮುಚ್ಕ್. ಇಲ್ದಿರೆ ಎಲ್ಲ ಬಾವಿಯೂ ಹೋತ್ತ್."

ಗಿರಿಜತ್ತೆ ಅವನನ್ನೇ ನೋಡಿದರು. "ಇಷ್ಟ್ ವರ್ಷ ಓದಿ ನೀನ್ ಕಲ್ತದ್ ಬಾವಿ ಮುಚ್ಚುಕಾ?"

ಆ ಮಾತು ಆಡಿದ್ದಕ್ಕೆ ಅತ್ತೆಗೂ ನೋವಾಯಿತೆಂದು ಅವರ ಮುಖದಲ್ಲೇ ಕಾಣುತ್ತಿತ್ತು, ಆದರೆ ಅವರು ಅದನ್ನು ಹಿಂತೆಗೆಯಲಿಲ್ಲ. ಸೆರಗು ಬಿಗಿದು, ಹಟ್ಟಿಯ ಹಿಂದಿನಿಂದ ಒಂದು ಬುಟ್ಟಿ ಮಣ್ಣು ಹೊತ್ತು ತಂದರು. ಬಾವಿಗೆ ಒಮ್ಮೆ ಕೈಮುಗಿದು ಸುರಿದರು. ಆಮೇಲೆ ಸೀತು ಸುರಿದಳು. ಆಮೇಲೆ ಕೇರಿ. ಎರಡು ದಿನ ಹೊತ್ತರೂ ಸಾಲದೆ ಮೂರನೆಯ ದಿನವೂ ಹೊತ್ತರು. ಕುದ್ರುವಿನ ದೋಣಿ ಮತ್ತೆ ಬಂತು. ಹೆಂಗಸರು ಅಂಗಳದ ಅಂಚಿನಲ್ಲಿ ನಿಂತು ನೋಡಿ, ಖಾಲಿ ಕೊಡಪಾನ ಕೆಳಗಿಟ್ಟು ಅವರೂ ಬುಟ್ಟಿ ಹಿಡಿದರು.

ಉಮಾನಾಥ ಹೊರಟ ದಿನ ಬೆಳಿಗ್ಗೆ ಗಿರಿಜತ್ತೆ ಹೆದ್ದಾರಿಯ ಮೂಡುಬದಿಯ ಬಾವಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದರು. ಅಲ್ಲಿ ಸರದಿ ಸಿಕ್ಕಿರಲಿಲ್ಲ. ಅಂಗಳದ ನಡುವೆ ಹಸಿಮಣ್ಣಿನ ದಿಬ್ಬ ಇತ್ತು. ಸೀಸೆಯ ಪೆಟ್ಟಿಗೆ ಹೆಗಲಿಗೇರಿಸಿದವನನ್ನು ಅತ್ತೆ ತಡೆದು, ಅಭ್ಯಾಸಬಲದಿಂದ ಒಳಗೆ ಹೋದರು. ಬೆಲ್ಲದ ತುಂಡು ತಂದು ಅವನ ಅಂಗೈಯಲ್ಲಿಟ್ಟರು. ಇನ್ನೊಂದು ಕೈಯಲ್ಲಿ ಚೆಂಬು ಇತ್ತು. ಹಗುರಾಗಿದೆ ಎಂದು ಗೊತ್ತಾದದ್ದು ಅದನ್ನು ಮುಂದೆ ಚಾಚಿದ ಮೇಲೆ.

"ಇನ್ನ್ ಈ ಮನಿಗೆ ಬಂದವ್ರಿಗೆ ನಾನ್ ಎಂತ ಹೇಳುದ್ ಉಮ?"

ಅವನು ಬೆಲ್ಲ ಬಾಯಿಗೆ ಹಾಕಿಕೊಂಡ. ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕೇಳಲು ಬಾಯಿ ಬರಲಿಲ್ಲ.